ನಂಜನಗೂಡು ರಸ್ತೆಯಲ್ಲಿ ಮುಸುಕು ಹೊದ್ದ ದೋಣಿ

ನನ್ನ ದೋಣಿಯ ಮೇಲೆ ಒಂದು ಗೀರು ಬೀಳಬಾರದು, ಒಂದು ಕಣ ಧೂಳು ಕೂರಬಾರದು, ಕಾಗೆಯ ನೆರಳೂ ತಾಕಬಾರದು! ಬುದ್ಧಪೂರ್ಣಿಮೆಯ ಭಾನುವಾರ ಬೆಳಿಗ್ಗೆ ನಜರ್‌ಬಾದಿನ ನಮ್ಮ ಬೀದಿಯಲ್ಲಿ, ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಕೈಯಲ್ಲಿ ಕಟಿಂಗ್ ಪ್ಲೇಯರ್ ಹಿಡಿದು ನಾನು ಮಾಡಿದ ಪ್ರತಿಜ್ಞೆ ಇದು. ಕೇಳಿಸಿಕೊಂಡವರು ಇಬ್ಬರೇ. ಒಬ್ಬರು ಹಾಲಿನವರು, ಇನ್ನೊಬ್ಬಳು ನನ್ನ ಹೆಂಡತಿ ಧರಣಿ. ಹಾಲಿನವರು ಪಾಪ ತಲೆಯಾಡಿಸಿದರು. ಧರಣಿ ಅಷ್ಟೂ ಮಾಡಲಿಲ್ಲ.

ಕೆಲವರು ಕ್ರಿಕೆಟ್ಟಿನ ಅಭಿಮಾನಿಗಳಾಗಿರುತ್ತಾರೆ, ಕೆಲವರು ಸಿನಿಮಾ ನಟರ ಅಭಿಮಾನಿಗಳಾಗಿರುತ್ತಾರೆ. ನಾನು ದೋಣಿಗಳ ಅಭಿಮಾನಿ. ಹೆಬ್ಬಾಳದ ಒಂದು ಕಾರ್ಖಾನೆಯಲ್ಲಿ ವೆಲ್ಡರ್ ಕೆಲಸ. ಶಿಫ್ಟ್ ಬಸ್ಸಿನಲ್ಲಿ ಹೋಗುತ್ತಾ ದೋಣಿ ವಿಡಿಯೋ, ಬರುತ್ತಾ ದೋಣಿ ವಿಡಿಯೋ. ಯಾವ ದೇಶದವರು ಯಾವ ಮರದಿಂದ ಹುಟ್ಟು ಮಾಡುತ್ತಾರೆ, ಯಾವ ಗಂಟು ಹಾಕಿದರೆ ಬಿರುಗಾಳಿಗೂ ಬಿಚ್ಚುವುದಿಲ್ಲ, ಎಲ್ಲ ಬಾಯಿಪಾಠ. ಈಜು ಒಂದು ಬರುವುದಿಲ್ಲ. ಅದನ್ನು ಮಾತ್ರ ಯಾರೂ ಕೇಳಬಾರದು.

ಹೀಗಿರುವಾಗ ಒಂದು ರೆಸಾರ್ಟು ಬಾಗಿಲು ಹಾಕುತ್ತದೆಂದು, ಅಲ್ಲಿನ ಹಳೇ ಸಾಮಾನು ಮಾರುತ್ತಾರೆಂದು ಸುದ್ದಿ ಬಂತು. ಡ್ರೆಸ್ಸಿಂಗ್ ಟೇಬಲ್ ತರಲು ಹೋದವನು ಹತ್ತು ಅಡಿ ಉದ್ದದ ಫೈಬರ್ ದೋಣಿ ತಂದೆ. ಎರಡು ಹುಟ್ಟು ಉಚಿತ! ನಾಲ್ಕು ತಿಂಗಳು ಅದು ನಮ್ಮ ಮನೆಯ ಗೋಡೆಯ ಪಕ್ಕ ಮಲಗಿಕೊಂಡೇ ಇತ್ತು. ಸ್ಕೂಟರಿನ ಜಾಗ ಹೋಯಿತು. ಧರಣಿ ಅದರೊಳಗೆ ಹಳೇ ಸೀರೆ ಹಾಸಿ ಸಂಡಿಗೆ ಒಣಗಿಸಿದಳು. ಎದುರು ಮನೆಯ ಬೆಕ್ಕು ಬಂದು ಮೂರು ಮರಿ ಹಾಕಿತು. ನನ್ನ ದೋಣಿಯ ಮೊದಲ ಪ್ರಯಾಣಿಕರು ಅವರೇ.

ಕೊನೆಗೆ ಧರಣಿ ಒಂದೇ ಮಾತು ಹೇಳಿದಳು. "ಈ ಭಾನುವಾರ ಇದು ನೀರಿಗೆ ಇಳೀಬೇಕು ಕಣ್ರೀ. ಇಲ್ಲಾಂದ್ರೆ ಮಣ್ಣು ತುಂಬಿ ಕೊತ್ತಂಬರಿ ಬಿತ್‌ಬುಡ್ತೀನಿ."

ಕೊತ್ತಂಬರಿ ಬೆಳೆಯುವ ದೋಣಿಯ ಯಜಮಾನ ಎನಿಸಿಕೊಳ್ಳುವುದಕ್ಕಿಂತ ಮುಳುಗಿಹೋಗುವುದು ಮೇಲು ಅನ್ನಿಸಿತು. ತಮ್ಮ ಸಿದ್ದುವಿನ ಹಳೇ ಜೀಪು ಭಾನುವಾರ ಮಾತ್ರ ಬಿಡುವಾಗಿರುತ್ತದೆ. ಅದರ ಹಿಂದೆ ಸಿಕ್ಕಿಸಿ ಎಳೆಯಲು ಎರಡು ಚಕ್ರದ ಟ್ರಾಲಿಯನ್ನು ನಾನೇ ವೆಲ್ಡ್ ಮಾಡಿದ್ದೆ. ನಂಜನಗೂಡಿನ ಆಚೆ ಹಿನ್ನೀರಿನವರೆಗೆ ಹೋಗುವುದು, ದೋಣಿ ಇಳಿಸುವುದು, ಇತಿಹಾಸ ಸೃಷ್ಟಿಸುವುದು. ಪ್ಲಾನ್ ಇಷ್ಟೇ.

ಆ ಭಾನುವಾರವೇ ಬುದ್ಧಪೂರ್ಣಿಮೆ ಬಂದದ್ದು ನನ್ನ ತಪ್ಪಲ್ಲ. ಧರಣಿ ಪ್ರತಿ ವರ್ಷ ಆ ದಿನ ಬಿಳಿ ಸೀರೆ ಉಟ್ಟು ಬುದ್ಧವಿಹಾರಕ್ಕೆ ಹೋಗುವವಳು. ನಾನೂ ಹೋಗುತ್ತೇನೆ, ಆದರೆ ಚಪ್ಪಲಿ ಕಾಯುವ ಮಟ್ಟಕ್ಕೆ. ವಿಹಾರ ಎಲ್ಲೂ ಓಡಿಹೋಗುವುದಿಲ್ಲ, ಜೀಪು ಓಡಿಹೋಗುತ್ತದೆ ಎಂದು ವಾದಿಸಿ ಅವಳನ್ನು ಒಪ್ಪಿಸಿದೆ. ಒಪ್ಪಿದಳು ಅಂದರೆ, ಬಿಳಿ ಸೀರೆ ಉಟ್ಟೇ ಬಂದು ಕೂತಳು, ನನಗೂ ಬಿಳಿ ಶರ್ಟು ಹಾಕಿಸಿದಳು. ಹೊರಗೆ ಪೂರ್ಣಿಮೆ, ಒಳಗೆ ಅಮಾವಾಸ್ಯೆ.

ಈಗ ಕವರಿನ ವಿಷಯಕ್ಕೆ ಬರುತ್ತೇನೆ.

ದೋಣಿಯನ್ನು ರಸ್ತೆ ಮೇಲೆ ಎಳೆದುಕೊಂಡು ಹೋಗುವಾಗ ಕವರು ತೆಗೆದಿಡಬೇಕು, ಇಲ್ಲವಾದರೆ ಗಾಳಿ ತುಂಬಿ ಹರಿಯುತ್ತದೆ. ನಾನು ನೋಡಿದ ವಿಡಿಯೋಗಳಲ್ಲಿ ಅರ್ಧದಷ್ಟು ಇದನ್ನೇ ಹೇಳಿದ್ದವು. ಇನ್ನರ್ಧ, ಒಳ್ಳೇ ಕವರು ಹಾಕಿ ಬಿಗಿಯಾಗಿ ಕಟ್ಟಿದರೆ ಏನೂ ಆಗುವುದಿಲ್ಲ ಎಂದಿದ್ದವು. ನನಗೆ ಬೇಕಾದ ಅರ್ಧವನ್ನು ನಾನು ನಂಬಿದೆ. ಎಲ್ಲರೂ ಮಾಡುವುದು ಅದನ್ನೇ ಅಲ್ಲವೇ?

"ಗಾಡಿ ಓಡೋವಾಗ ಯಾರಾದ್ರೂ ಛತ್ರಿ ಬಿಚ್ಕೊಂಡು ಕೂರ್ತಾರಾ?" ಎಂದು ಧರಣಿ ಕೇಳಿದಳು. ದೋಣಿ ಬೇರೆ, ಛತ್ರಿ ಬೇರೆ ಎಂದು ವಿವರಿಸಿದೆ. ಅವಳು ದೋಣಿಯನ್ನೂ ನೋಡಿದಳು, ನನ್ನನ್ನೂ ನೋಡಿದಳು, ಮನೆಯೊಳಗೆ ಹೋದಳು.

ಕವರಿಗೆಂದು ಶಾಮಿಯಾನದವರ ಹತ್ತಿರ ಒಂದು ದಪ್ಪ ಬಟ್ಟೆ ಸಿಕ್ಕಿತ್ತು. ಅರಿಶಿನಕ್ಕೆ ಒಂದು ಚಿಟಿಕೆ ಕೆಮ್ಮಣ್ಣು ಬೆರೆಸಿದಂಥ ಬಣ್ಣ. ಮಳೆ ನೀರು ನಿಲ್ಲದಿರಲು ಕವರಿನ ನಡುವೆ ಒಂದು ಕಂಬ ನಿಲ್ಲಿಸಬೇಕೆಂದು ವಿಡಿಯೋದಲ್ಲಿ ಹೇಳಿದ್ದರು. ನಾಲ್ಕಡಿ ಪೈಪು ನಿಲ್ಲಿಸಿದೆ. ಪೈಪಿನ ತುದಿ ಬಟ್ಟೆಗೆ ಚುಚ್ಚಬಾರದಲ್ಲ, ಅದರ ಮೇಲೆ ಒಂದು ಪ್ಲಾಸ್ಟಿಕ್ ಬಿಂದಿಗೆ ಬೋರಲು ಹಾಕಿದೆ. ದೋಣಿ ಪೂರ್ತಿ ಮುಚ್ಚುವಂತೆ ಬಟ್ಟೆ ಹೊದಿಸಿ, ಬಿಂದಿಗೆಯ ಕೆಳಗೆ ಒಂದು ಸುತ್ತು ಹಗ್ಗ ಬಿಗಿದೆ, ಕೆಳಗೆ ಅಂಚಿನ ಸುತ್ತ ಇನ್ನೊಂದು. ಪೂಜೆ ಮಾಡಿ, ಬಿಂದಿಗೆಯ ಕೊರಳಿಗೆ ಚೆಂಡುಹೂವಿನ ಹಾರ ಹಾಕಿದೆ. ನಾಲ್ಕು ಹೆಜ್ಜೆ ಹಿಂದೆ ಹೋಗಿ ಕಣ್ತುಂಬ ನೋಡಿದೆ. ನನಗೆ ಕಂಡದ್ದು ದೋಣಿ. ಒಳಗೆ ಏನಿದೆ ಎಂದು ಗೊತ್ತಿರುವವನಿಗೆ ಹೊರಗೆ ಏನು ಕಾಣುತ್ತಿದೆ ಎಂಬುದು ಗೊತ್ತಾಗುವುದೇ ಇಲ್ಲ. ಇದು ನನಗೆ ಆಮೇಲೆ ಹೊಳೆದ ವೇದಾಂತ.

ಒಂಬತ್ತು ಗಂಟೆಗೆ ಹೊರಟೆವು. ನಂಜನಗೂಡು ರಸ್ತೆಗೆ ಬಿದ್ದ ಮೇಲೆ ಬಟ್ಟೆ ಪಟಪಟ ಬಡಿದುಕೊಳ್ಳತೊಡಗಿತು. ಮೂವತ್ತರ ಮೇಲೆ ಹೋದರೆ ಉಬ್ಬುತ್ತಿತ್ತು, ಇಪ್ಪತ್ತಕ್ಕೆ ಇಳಿದರೆ ಶಾಂತವಾಗುತ್ತಿತ್ತು. ಹಾಗಾಗಿ ಇಪ್ಪತ್ತೈದರಲ್ಲಿ ಹೋದೆ. ಸೈಕಲ್ಲಿನವರೊಬ್ಬರು ನಮ್ಮನ್ನು ದಾಟಿಕೊಂಡು ಹೋದರು.

ಆದರೆ ಏನು ಮರ್ಯಾದೆ ಅಂತೀರಿ! ಬಸ್‌ಸ್ಟಾಪಿನಲ್ಲಿ ನಿಂತ ಹೆಂಗಸೊಬ್ಬರು ಕೈಮುಗಿದರು. ಬೈಕಿನಲ್ಲಿ ಬಂದವನೊಬ್ಬ ಹೆಲ್ಮೆಟ್ ತೆಗೆದು ತಲೆ ಬಾಗಿಸಿದ. ನನಗೆ ಆಶ್ಚರ್ಯವೇನೂ ಆಗಲಿಲ್ಲ. ಹಿಂದಿನ ದಿನ ನನ್ನ ಚಾನಲ್ಲಿನಲ್ಲಿ 'ನಾಳೆ ನಂಜನಗೂಡು ರಸ್ತೆಯಲ್ಲಿ ನಮ್ಮ ದೋಣಿ' ಎಂದು ವಿಡಿಯೋ ಹಾಕಿದ್ದೆ. ನನಗೆ ಒಟ್ಟು ನಲವತ್ತಮೂರು ಜನ ಅಭಿಮಾನಿಗಳು. ಅವರಲ್ಲಿ ಇಷ್ಟೊಂದು ಜನ ಒಂದೇ ರಸ್ತೆಯ ಮೇಲೆ ಸಿಕ್ಕಿದ್ದು ಮಾತ್ರ ಸ್ವಲ್ಪ ವಿಶೇಷ ಅನ್ನಿಸಿತು.

ಮಂಡಕಳ್ಳಿಯ ಏರ್‌ಪೋರ್ಟ್ ದಾಟಿದ ಮೇಲೆ ರಸ್ತೆಯ ಪಕ್ಕ ಒಂದು ಗೂಡ್ಸ್ ಗಾಡಿ ನಿಂತಿತ್ತು. ಹಿಂದೆ ಏನೋ ಬಿಳಿ ಬಟ್ಟೆ ಸುತ್ತಿದ ಸಾಮಾನು. ಡ್ರೈವರು ರಸ್ತೆಗೇ ಬಂದು ಎರಡೂ ಕೈ ಎತ್ತಿ ಬೀಸಿದ. ನಲವತ್ತನಾಲ್ಕನೆಯವನು ಎಂದುಕೊಂಡೆ. ನಾನೂ ಕೈ ಬೀಸಿದೆ, ಎರಡು ಸಲ ಹಾರನ್ ಹೊಡೆದೆ. ಅವನು ಇನ್ನೂ ಜೋರಾಗಿ ಬೀಸಿದ. ಪಾಪ, ಏನೋ ತೊಂದರೆ ಇದ್ದಂತಿದೆ, ನಿಲ್ಲಿಸಿ ಎಂದು ಧರಣಿ ಹೇಳಿದಳು. ಹೆದ್ದಾರಿಯಲ್ಲಿ ಕೈ ಬೀಸಿದವರಿಗೆಲ್ಲ ನಿಲ್ಲಿಸಿದರೆ ಹಿನ್ನೀರು ತಲುಪುವುದು ಯಾವಾಗ ಎಂದು ನಾನು ಹೇಳಿದೆ.

ಇನ್ನೂ ಎಂಟು ಹತ್ತು ಕಿಲೋಮೀಟರು ಹೋಗಿರಬೇಕು. ಒಂದು ಊರಿನ ಅಡ್ಡರಸ್ತೆಯಲ್ಲಿ ಹತ್ತಾರು ಬೈಕುಗಳು ಸಾಲಾಗಿ ನಿಂತಿದ್ದವು. ನೀಲಿ ಬಾವುಟ, ಐದು ಬಣ್ಣದ ಬಾವುಟ. ಎಲ್ಲರೂ ಬಿಳಿ ಶರ್ಟು. ನಮ್ಮನ್ನು ಕಂಡದ್ದೇ ತಡ, ತಮಟೆ ಶುರುವಾಯಿತು. ಮೂವತ್ತು ವರ್ಷದ ಒಬ್ಬ ಓಡಿ ಬಂದು ನನ್ನ ಕೊರಳಿಗೆ ಹಾರ ಹಾಕಿ, ಕೈ ಹಿಡಿದುಕೊಂಡ. ಅವನ ಹೆಸರು ದಿಲೀಪ್. ಬೆಳಿಗ್ಗೆ ಎಂಟರಿಂದ ಕಾಯುತ್ತಿದ್ದರಂತೆ. ಇಪ್ಪತ್ತು ಸಲ ಫೋನ್ ಮಾಡಿದರೂ ಸ್ವಿಚ್ ಆಫ್ ಬರುತ್ತಿತ್ತಂತೆ. ನನ್ನ ಫೋನ್ ಆನ್ ಆಗಿಯೇ ಇತ್ತು. ಅಷ್ಟೊಂದು ಪ್ರೀತಿಯ ಮುಂದೆ ಅಂಥ ಚಿಕ್ಕ ವಿಷಯ ಯಾಕೆ ಎತ್ತಬೇಕು?

ದಾರಿಯಲ್ಲಿ ಏನೂ ಪೆಟ್ಟಾಗಿಲ್ಲ ತಾನೇ ಎಂದು ಕೇಳಿದ. ಒಂದು ಗೀರೂ ಇಲ್ಲ ಎಂದೆ. ಅವನ ಕಣ್ಣಲ್ಲಿ ನೀರು ಬಂತು. ಹೆಸರು ಕೇಳಿದ. ರಾಹುಲ್ ಎಂದೆ.

ದಿಲೀಪ್ ಹಿಂದೆ ತಿರುಗಿ, "ಲೇ, ಕೇಳ್ರಪ್ಪ, ತಂದಿರೋ ಅಣ್ಣನ ಹೆಸರು ರಾಹುಲ್ ಅಂತೆ. ಬುದ್ಧರ ಮಗನ ಹೆಸರು," ಎಂದ. ತಮಟೆ ಇನ್ನಷ್ಟು ಜೋರಾಯಿತು.

ಬುದ್ಧರು ನಡುವೆ ಯಾಕೆ ಬಂದರು ಎಂದು ನಾನು ಯೋಚಿಸಬೇಕಿತ್ತು. ಪೂರ್ಣಿಮೆಯಲ್ಲವೇ, ಎಲ್ಲಕ್ಕೂ ಬರುತ್ತಾರೆ ಎಂದುಕೊಂಡೆ. ಬೈಕುಗಳು ಮುಂದೆ, ನಾನು ಹಿಂದೆ. ಹೆದ್ದಾರಿ ಬಿಟ್ಟು ಊರಿನ ದಾರಿಗೆ ತಿರುಗಿದೆ. ಎಲ್ಲಿಗೆ ಹೋಗುತ್ತಿದ್ದೀರಿ ಎಂದು ಧರಣಿ ಕೇಳಿದಾಗ, ಅಭಿಮಾನಿಗಳು ಕರೆಯುತ್ತಿದ್ದಾರೆ, ಈ ಊರಿನಲ್ಲಿ ಒಳ್ಳೇ ಕೆರೆ ಇರಬೇಕು ಎಂದೆ.

ಆ ಊರಿನ ಹೆಸರು ಬರೆಯಬಾರದೆಂದು ಧರಣಿಯ ಆಜ್ಞೆಯಾಗಿದೆ. ಊರು ಮಾತ್ರ ಕಣ್ಣಿಗೆ ಕಟ್ಟಿದಂತಿದೆ. ಪ್ರತಿ ಮನೆಯ ಮುಂದೆ ರಂಗೋಲಿ, ಮಾವಿನ ತೋರಣ, ಬಿಳಿ ಬಟ್ಟೆ ಉಟ್ಟ ಹೆಂಗಸರು, ಮಕ್ಕಳು. ಹೂವು ಎರಚುತ್ತಿದ್ದರು. ನಾನು ಜೀಪಿನಿಂದ ತಲೆ ಹೊರಗೆ ಹಾಕಿದೆ. ಹೂವು ನನ್ನ ತಲೆಯ ಮೇಲಿಂದ ಹಾರಿ ಹಿಂದಕ್ಕೆ ಬೀಳುತ್ತಿತ್ತು. ಗುರಿ ತಪ್ಪುತ್ತಿದೆ ಅಂದುಕೊಂಡು ತಲೆಯನ್ನು ಇನ್ನೂ ಸ್ವಲ್ಪ ಹೊರಗೆ ಹಾಕಿದೆ. ಆಗಲೂ ಹಿಂದಕ್ಕೇ ಬಿತ್ತು.

ಊರ ನಡುವಿನ ಬಯಲಿನಲ್ಲಿ ಜೀಪು ನಿಂತಿತು. ಎದುರಿಗೆ ಶಾಮಿಯಾನ, ವೇದಿಕೆಯ ಮೇಲೆ ಒಬ್ಬ ಬೌದ್ಧ ಭಿಕ್ಷು, ಅಂದರೆ ಭಂತೇಜಿ, ಪಕ್ಕದಲ್ಲಿ ಹೂವಿನಿಂದ ಸಿಂಗರಿಸಿದ ಕರಿಕಲ್ಲಿನ ಪೀಠ. ಪೀಠದ ಮೇಲೆ ಏನೂ ಇಲ್ಲ. ಮೇಲೆ ಬ್ಯಾನರು: 'ಬುದ್ಧ ಪ್ರತಿಮೆ ಅನಾವರಣ'.

ಧರಣಿ ಬ್ಯಾನರು ಓದಿದಳು. ಖಾಲಿ ಪೀಠ ನೋಡಿದಳು. ಆಮೇಲೆ ನಿಧಾನವಾಗಿ ಹಿಂದೆ ತಿರುಗಿ ಟ್ರಾಲಿ ನೋಡಿದಳು. ಅವಳ ಮುಖದ ಬಣ್ಣ ಸೀರೆಯ ಬಣ್ಣಕ್ಕೆ ಬಂತು.

"ರೀ," ಎಂದಳು. "ಒಂದ್ಸಲ ಹಿಂದೆ ತಿರುಗಿ ನೋಡಿ. ದೋಣಿ ಅಂತ ಅಂದ್ಕೊಳ್ದೆ ನೋಡಿ."

ನೋಡಿದೆ. ಕಾವಿಯಂಥ ಬಟ್ಟೆ. ಕೆಳಗೆ ಅಗಲವಾಗಿ ಹರಡಿದ, ಪದ್ಮಾಸನ ಹಾಕಿದಂಥ ತೊಡೆಗಳು. ಮೇಲೇರುತ್ತಾ ಕಿರಿದಾಗುವ ಹೆಗಲು. ಅದರ ಮೇಲೆ ದುಂಡನೆಯ ತಲೆ. ಕೊರಳಲ್ಲಿ ಹಾರ. ನನಗೇ ಕೈಮುಗಿಯಬೇಕು ಅನ್ನಿಸಿತು.

ಈಗ ನೀವು ಹೇಳುತ್ತೀರಿ, ತಕ್ಷಣ ಇಳಿದು ನಿಜ ಹೇಳಬಹುದಿತ್ತಲ್ಲ ಎಂದು. ಹೇಳಲೆಂದೇ ಇಳಿದೆ. ನಿಮ್ಮಾಣೆ! ಆದರೆ ಇಳಿದ ಕೂಡಲೇ ಎಂಬತ್ತು ದಾಟಿದ ಒಬ್ಬ ಅಜ್ಜಿ ನನ್ನ ಎರಡೂ ಕೈ ಹಿಡಿದುಕೊಂಡರು. ಹೆಸರು ಸಾಕಮ್ಮ. ಊರಿಗೆ ಹಿರಿಯರು. ಮುಸುಕು ತೆಗೆಯುವವರು ಅವರೇ ಎಂದು ದಿಲೀಪ್ ಪರಿಚಯಿಸಿದ. ಊರಿನವರಿಗೆ ಮಂತ್ರಿಗಳು ಬೇಡವಾಗಿತ್ತಂತೆ. ಪ್ರತಿಮೆಗೆಂದು ಊರಿನ ಒಂದೊಂದು ಮನೆಯೂ ಒಂದೊಂದು ಹಿತ್ತಾಳೆ ಪಾತ್ರೆ ಕೊಟ್ಟಿತ್ತು. ತಟ್ಟೆ, ಚೊಂಬು, ಬೋಗುಣಿ, ಎಲ್ಲ ಕರಗಿಸಿ ಎರಕ ಹೊಯ್ದಿದ್ದರು. ಮೊದಲು ಕೊಟ್ಟವರು ಸಾಕಮ್ಮ.

"ನನ್ ಬಿಂದಿಗೆ ಕೊಟ್ಟೆ ಮಗ," ಎಂದರು. "ಮದುವೇಲಿ ನಮ್ಮವ್ವ ಕೊಟ್ಟಿದ್ದು. ಆಗ ಆ ಬಿಂದಿಗೆನ ಊರ ಬಾವಿಗೆ ಇಳ್ಸಾಕೆ ಬುಡ್ತಿರ್ಲಿಲ್ಲ. ಯಾರಾದ್ರೂ ಮೇಲಿಂದ ಉಯ್ಯೋ ಗಂಟ ಬಿಸ್ಲಲ್ಲಿ ಕಾಯ್ಬೇಕಾಗಿತ್ತು. ಈಗ ನೋಡು, ಅದೇ ಬಿಂದಿಗೆ ಬುದ್ಧ ಆಗ್ಬುಟ್ಟದೆ."

ಅಜ್ಜಿ ನನ್ನ ಹಿಂದಿನ ಮುಸುಕನ್ನು ನೋಡುತ್ತಿದ್ದರು. ಆ ಮುಸುಕಿನೊಳಗೂ ಒಂದು ಬಿಂದಿಗೆ ಇತ್ತು. ಪ್ಲಾಸ್ಟಿಕ್ಕಿನದು.

ಹನ್ನೊಂದಕ್ಕೆ ಅನಾವರಣ ಎಂದು ಮೈಕಿನಲ್ಲಿ ಕೂಗಿದರು. ಬಿಸಿಲಲ್ಲಿ ಬಂದ ಲೋಹ, ಸ್ವಲ್ಪ ಹೊತ್ತು ನೆರಳಲ್ಲಿ ಆರಬೇಕು, ಈಗಲೇ ಮುಟ್ಟಬಾರದು ಎಂದು ನಾನು ಹೇಳಿದೆ. ವೆಲ್ಡರ್ ಅಲ್ಲವೇ, ಲೋಹದ ಬಗ್ಗೆ ಸುಳ್ಳು ಸರಾಗವಾಗಿ ಬರುತ್ತದೆ. ಎಲ್ಲರೂ ನಂಬಿದರು. ಟ್ರಾಲಿಯ ಸುತ್ತ ಹಗ್ಗ ಕಟ್ಟಿ, ಮಕ್ಕಳು ಹತ್ತಿರ ಹೋಗದಂತೆ ಇಬ್ಬರನ್ನು ಕಾವಲು ನಿಲ್ಲಿಸಿದರು. ನನ್ನ ದೋಣಿಗೆ ಕಾವಲು! ಬೇರೆ ದಿನವಾಗಿದ್ದರೆ ಕುಣಿದಾಡುತ್ತಿದ್ದೆ. ನನ್ನನ್ನು ನೆರಳಲ್ಲಿ ಕುರ್ಚಿ ಹಾಕಿ ಕೂರಿಸಿ ಅಕ್ಕಿ ಪಾಯಸ ಕೊಟ್ಟರು. ಕುಡಿದೆ. ಮತ್ತೊಂದು ಲೋಟ ಕೊಟ್ಟರು. ಅದನ್ನೂ ಕುಡಿದೆ. ಪಾಯಸ ಕುಡಿಯುವಷ್ಟು ಹೊತ್ತು ಮಾತಾಡಬೇಕಾಗಿಲ್ಲವಲ್ಲ. ಹುಟ್ಟಿದಾಗಿನಿಂದ ಯಾರೂ ನನ್ನನ್ನು ಹೀಗೆ ಕೂರಿಸಿ ಉಪಚರಿಸಿರಲಿಲ್ಲ. ಕೊರಳಲ್ಲಿ ಹಾರ ಘಮಘಮಿಸುತ್ತಿತ್ತು.

ಮೂರನೇ ಲೋಟ ಬರುವ ಹೊತ್ತಿಗೆ ಧರಣಿ ಬಂದಳು. ಅಷ್ಟು ಹೊತ್ತು ಹೆಂಗಸರ ನಡುವೆ ಕೂತು ಎಲ್ಲ ವಿಷಯ ತಿಳಿದುಕೊಂಡಿದ್ದಳು. ಭಂತೇಜಿ ಒಂದೂವರೆಗೆ ಹೊರಡಬೇಕು, ಸಂಜೆ ಇನ್ನೊಂದು ಊರಿನಲ್ಲಿ ಅವರ ಕಾರ್ಯಕ್ರಮವಿದೆ. ಅಷ್ಟರೊಳಗೆ ಅನಾವರಣವಾಗದಿದ್ದರೆ ಮುಂದಿನ ವರ್ಷದ ಬುದ್ಧಪೂರ್ಣಿಮೆಯವರೆಗೆ ಕಾಯಬೇಕು. ಸಾಕಮ್ಮನವರಿಗೆ ಎದೆಯ ಕಾಯಿಲೆ. ಮುಂದಿನ ಪೂರ್ಣಿಮೆಯ ಮಾತು ಅವರ ಮನೆಯಲ್ಲಿ ಯಾರೂ ಎತ್ತುವುದಿಲ್ಲ.

"ದಿಲೀಪ್ ಫೋನ್ ಮಾಡೋದನ್ನ ನಿಲ್ಲಿಸಿಬಿಟ್ಟಿದ್ದಾರೆ, ಗಮನಿಸಿದ್ರಾ?" ಎಂದು ಮೆಲ್ಲಗೆ ಕೇಳಿದಳು. "ಬುದ್ಧರು ಬಂದ್ರು ಅಂತ ಯಾರೂ ಹುಡುಕ್ತಾ ಇಲ್ಲ. ನಿಜವಾದವರು ಎಲ್ಲೋ ರಸ್ತೆಲಿ ಕೂತವ್ರೆ. ನೀವಿಲ್ಲಿ ಪಾಯಸ ಕುಡೀತಾ ಕೂತಿದ್ದೀರಾ."

ನಾನು ಮೂರನೇ ಲೋಟಕ್ಕೆ ಕೈ ಚಾಚಿದೆ.

"ಆ ಗೂಡ್ಸ್ ಗಾಡಿಯವನು ಕೈ ಬೀಸ್ತಿದ್ನಲ್ಲ," ಎಂದಳು. "ನೀವು ಹಾರನ್ ಹೊಡೆದ್ರಲ್ಲ."

ಲೋಟ ಕೆಳಗಿಟ್ಟೆ. ಬಿಳಿ ಬಟ್ಟೆ ಸುತ್ತಿದ ಆ ಸಾಮಾನು ಕಣ್ಣ ಮುಂದೆ ಬಂತು. ಇಷ್ಟು ಹೊತ್ತು, ನಾನು ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಕೆಟ್ಟದ್ದಾಗುವುದಿಲ್ಲ, ಸ್ವಲ್ಪ ತಡವಾಗುತ್ತದೆ ಅಷ್ಟೇ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಆ ತಡ ಯಾರ ಖಾತೆಯದು ಎಂದು ಯೋಚಿಸಿರಲಿಲ್ಲ. ಎಪ್ಪತ್ತು ವರ್ಷದ ಹಿಂದೆ ಬಾವಿಯ ಪಕ್ಕ ಬಿಸಿಲಲ್ಲಿ ಕಾಯಿಸಿದವರಿಗೂ ನೆರಳಲ್ಲಿ ಕೂತು ಪಾಯಸ ಕುಡಿಯುತ್ತಾ ಕಾಯಿಸುತ್ತಿರುವ ನನಗೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಅವರಿಗಾದರೂ ತಾವು ಕಾಯಿಸುತ್ತಿದ್ದೇವೆಂದು ಗೊತ್ತಿತ್ತು.

ಎದ್ದು ಕೊರಳಿನ ಹಾರ ತೆಗೆದೆ. ದಿಲೀಪನನ್ನು ಕರೆದು, "ಅದು ಬುದ್ಧ ಅಲ್ಲ ಅಣ್ಣ, ದೋಣಿ," ಎಂದೆ.

ಅವನು ನಕ್ಕ. ನಾನು ನಗಲಿಲ್ಲ. "ಯಾವ ದೋಣಿ?" ಎಂದ.

"ನೀರಿನ ಮೇಲೆ ಹೋಗುತ್ತಲ್ಲ, ಅದು."

ಬಟ್ಟೆಯ ಒಂದು ಮೂಲೆ ಎತ್ತಿ ತೋರಿಸಿದೆ. ಒಂದು ಹುಟ್ಟು ಜಾರಿ ಹೊರಗೆ ಬಂತು. ತಮಟೆ ನಿಂತಿತು. ಮುನ್ನೂರು ಜನ ಆ ಹುಟ್ಟನ್ನೇ ನೋಡಿದರು. ಕಾವಲಿಗಿದ್ದ ಇಬ್ಬರೂ ನನ್ನ ಕಡೆ ತಿರುಗಿದರು. ದಿಲೀಪ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಒಂದು ಗಂಟೆಯಿಂದ ಇಲ್ಲೇ ಕೂತಿದ್ದೀರಲ್ಲ ಎಂದಷ್ಟೇ ಕೇಳಿದ.

ಸಾಕಮ್ಮ ಎಲ್ಲರ ಮುಖ ನೋಡುತ್ತಿದ್ದರು. ಅವರಿಗೆ ಹೇಳಲು ಯಾರೂ ಮುಂದೆ ಬರಲಿಲ್ಲ. ನಾನೇ ಹೋಗಿ, ಅವರ ಮುಂದೆ ಕುಕ್ಕರುಗಾಲಲ್ಲಿ ಕೂತು, ಮೊದಲಿಂದ ಕೊನೆಯವರೆಗೆ ಎಲ್ಲ ಹೇಳಿದೆ. ಅಜ್ಜಿ ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

"ಅಂಗಾದ್ರೆ ನನ್ ಬಿಂದಿಗೆ ಎಲ್ಲದೆ?"

"ಮಂಡಕಳ್ಳಿ ಹತ್ರ ಅವ್ವ. ತರ್ತೀನಿ," ಎಂದೆ.

ಆಮೇಲೆ ನಡೆದದ್ದೆಲ್ಲ ಓಡುತ್ತಾ ನಡೆದದ್ದು. ಕವರು ಕಿತ್ತು ಜೀಪಿಗೆ ಎಸೆದೆ. ಬಿಂದಿಗೆ ಉರುಳಿಕೊಂಡು ಹೋಗಿ, ವೇದಿಕೆಯಿಂದ ಇಳಿದು ಬಂದಿದ್ದ ಭಂತೇಜಿಯ ಕಾಲ ಬಳಿ ನಿಂತಿತು. ಅವರು ಅದನ್ನು ಎತ್ತಿ ನೆಟ್ಟಗೆ ಇಟ್ಟರು. ಹತ್ತು ಜನ ದೋಣಿಯನ್ನು ಎತ್ತಿ ಹೊಂಗೆ ಮರದ ಕೆಳಗೆ ಬೋರಲು ಹಾಕಿದರು. ಗೀರು ಬೀಳುವ ಸದ್ದು ಕೇಳಿಸಿತು, ಒಂದಲ್ಲ, ಐದಾರು. ತಿರುಗಿ ನೋಡಲು ಪುರುಸೊತ್ತಿರಲಿಲ್ಲ. ಖಾಲಿ ಟ್ರಾಲಿ ಕುಣಿಸಿಕೊಂಡು ಜೀಪು ಓಡಿಸಿದೆ. ದಿಲೀಪ್ ನನ್ನ ಪಕ್ಕ ಕೂತಿದ್ದ, ಹಿಂದೆ ಆರು ಬೈಕು. ದಾರಿಯುದ್ದಕ್ಕೂ ಅವನು ಒಂದು ಮಾತೂ ಆಡಲಿಲ್ಲ.

ಗೂಡ್ಸ್ ಗಾಡಿ ಅಲ್ಲೇ ಇತ್ತು. ಹಿಂದಿನ ಚಕ್ರದ ಬೇರಿಂಗ್ ಹೋಗಿತ್ತು, ಡ್ರೈವರಿನ ಫೋನಿನಲ್ಲಿ ಚಾರ್ಜ್ ಇರಲಿಲ್ಲ. ಪ್ರತಿಮೆಯನ್ನು ಒಂಟಿಯಾಗಿ ಬಿಟ್ಟು ಹೋಗಲು ಮನಸ್ಸಾಗದೆ ಬಿಸಿಲಲ್ಲೇ ನಿಂತಿದ್ದ. ನನ್ನ ಜೀಪಿನ ಗುರುತು ಹಿಡಿದ.

"ಕೈ ಬೀಸಿದ್ರೆ ಟಾಟಾ ಮಾಡ್ಕೊಂಡು ಹೋದಲ್ಲ ಗುರು," ಎಂದ. "ಬೆಳಗಿಂದ ಎಷ್ಟೋ ಜನ ನಿಲ್ಲಿಸದೆ ಹೋದ್ರು. ಖುಷಿಯಾಗಿ ಹೋದೋನು ನೀನೊಬ್ನೇ."

ಮೂರೂವರೆ ಅಡಿಯ ಪ್ರತಿಮೆ. ಎಂಟು ಜನ ಉಸಿರು ಬಿಗಿಹಿಡಿದು ಎತ್ತಿ ನನ್ನ ಟ್ರಾಲಿಯ ಮೇಲೆ ಕೂರಿಸಿದರು. ಸುತ್ತಿದ್ದ ಬಿಳಿ ಬಟ್ಟೆಗೆಲ್ಲ ಗ್ರೀಸು ಮೆತ್ತಿಕೊಂಡಿತ್ತು. ಬೇರಿಂಗ್ ಬಿಚ್ಚಿ ನೋಡಿದ ಡ್ರೈವರು ಅದಕ್ಕೇ ಕೈ ಒರೆಸಿದ್ದ. ಇದನ್ನು ಹೊದ್ದುಕೊಂಡು ಊರೊಳಗೆ ಹೇಗೆ ಹೋಗುವುದು ಎಂದು ದಿಲೀಪ್ ಆ ಕಡೆ ಈ ಕಡೆ ನೋಡಿದ. ನಾನು ನನ್ನ ಕವರು ಕೊಟ್ಟೆ. ಎರಡು ಮಡಿಕೆ ಮಾಡಿ ಹೊದಿಸಿದಾಗ ಅಳತೆ ತೆಗೆದು ಹೊಲಿಸಿದ ಹಾಗೆ ಕೂತಿತು. ಹಗ್ಗವನ್ನೂ ನಾನೇ ಬಿಗಿದೆ. ಬಿರುಗಾಳಿಗೂ ಬಿಚ್ಚದ ಆ ಗಂಟು ಕೊನೆಗೂ ಒಂದು ಕೆಲಸಕ್ಕೆ ಬಂತು.

ವಾಪಸು ಬರುವಾಗ ಇಪ್ಪತ್ತನ್ನೂ ಮುಟ್ಟಲಿಲ್ಲ. ಬೆಳಿಗ್ಗೆಯೆಲ್ಲ ಕನ್ನಡಿಯಲ್ಲಿ ಯಾರು ನನ್ನನ್ನು ನೋಡುತ್ತಿದ್ದಾರೆ ಎಂದು ನೋಡುತ್ತಾ ಗಾಡಿ ಓಡಿಸಿದ್ದೆ. ಈಗ ಟ್ರಾಲಿಯ ಒಂದೊಂದು ವೆಲ್ಡನ್ನೂ ನೆನೆಸಿಕೊಳ್ಳುತ್ತಾ ಓಡಿಸಿದೆ. ಎಡಗಡೆಯ ಮೂರನೇ ಜಾಯಿಂಟನ್ನು ಊಟದ ಬೆಲ್ಲು ಹೊಡೆದ ಮೇಲೆ ಅವಸರದಲ್ಲಿ ಮಾಡಿದ್ದು ಜ್ಞಾಪಕಕ್ಕೆ ಬಂದು ಬೆವರು ಕಿತ್ತುಕೊಂಡಿತು. ದಾರಿಯಲ್ಲಿ ಒಂದಿಬ್ಬರು ಕೈಮುಗಿದರು. ಈ ಸಲ ನಾನು ಕೈ ಬೀಸಲಿಲ್ಲ. ಊರಿನ ಅಡ್ಡರಸ್ತೆ ಬಂದಾಗ ದಿಲೀಪ್ ಮೊದಲ ಸಲ ಬಾಯಿಬಿಟ್ಟ.

"ಗುಂಡಿ ಅದೆ, ನೋಡ್ಕೊಂಡು," ಎಂದ. ಸ್ವಲ್ಪ ಹೊತ್ತು ಬಿಟ್ಟು, "ಅಣ್ಣ," ಎಂದು ಸೇರಿಸಿದ.

ಒಂದು ಗಂಟೆ ಐದು ನಿಮಿಷಕ್ಕೆ ಪ್ರತಿಮೆ ಪೀಠವೇರಿತು. ಸಾಕಮ್ಮನವರನ್ನು ಇಬ್ಬರು ಹಿಡಿದು ಕರೆತಂದರು. ನನ್ನ ಗಂಟು ಅವರಿಂದ ಬಿಚ್ಚಲಾಗಲಿಲ್ಲ. ನಾನು ಓಡಿಹೋಗಿ ಬಿಚ್ಚಿಕೊಟ್ಟು ಹಿಂದೆ ಸರಿದೆ. ಅಜ್ಜಿ ಬಟ್ಟೆ ಎಳೆದರು.

ಮಧ್ಯಾಹ್ನದ ಬೆಳಕಿನಲ್ಲಿ ಆ ಹಿತ್ತಾಳೆಯ ಮುಖ ಥಳಥಳ ಹೊಳೆಯಿತು. ಇಡೀ ಊರಿನ ತಟ್ಟೆ, ಚೊಂಬು, ಬೋಗುಣಿ ಸೇರಿ ಕಣ್ಣು ಮುಚ್ಚಿ ಕೂತಿದ್ದವು. ಸಾಕಮ್ಮ ಇನ್ನೂ ಹತ್ತಿರ ಹೋ​ದರು. ಕೈಮುಗಿಯುತ್ತಾರೆ ಎಂದುಕೊಂಡರೆ, ಸಂತೆಯಲ್ಲಿ ಪಾತ್ರೆ ಪರೀಕ್ಷಿಸುವವರ ಹಾಗೆ ಬೆರಳ ಗಿಣ್ಣಿನಿಂದ ಬುದ್ಧರ ಮಂಡಿಯ ಮೇಲೆ ಎರಡು ಸಲ ತಟ್ಟಿದರು. ಕಿವಿಗೊಟ್ಟು ಕೇಳಿದರು.

ಪಕ್ಕದಲ್ಲಿದ್ದ ಧರಣಿಗೆ, "ಅದೇ ಸದ್ದು ಕಣವ್ವ," ಎಂದರು.

ಧರಣಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಇಲ್ಲಿ ನನ್ನ ಕಣ್ಣಿನ ವಿಷಯ ಬೇಡ. ಧೂಳು ಬಿದ್ದಿತ್ತು.

ಭಂತೇಜಿಗೆ ಉಳಿದದ್ದು ಹತ್ತೇ ನಿಮಿಷ. ದೊಡ್ಡ ಪ್ರವಚನಕ್ಕೆ ಸಮಯವಿಲ್ಲ, ಬುದ್ಧರು ಹೇಳಿದ ಒಂದು ಚಿಕ್ಕ ಕತೆ ಹೇಳಿ ಹೊರಡುತ್ತೇನೆ ಎಂದರು. ನಾನು ಹಿಂದಿನ ಸಾಲಿನಲ್ಲಿ, ಚಪ್ಪಲಿಗಳ ಹತ್ತಿರ ಕೂತಿದ್ದೆ. ಮನಸ್ಸು ಹಗುರವಾಗಿತ್ತು. ನಿಜ ಹೇಳಿದೆ, ಪ್ರತಿಮೆ ತಂದೆ, ಯಾರಿಗೆ ಗೊತ್ತು, ಕೊನೆಯಲ್ಲಿ ಕರೆದು ಒಂದು ಶಾಲು ಹೊದಿಸಿದರೂ ಹೊದಿಸಬಹುದು ಎಂಬ ಸಣ್ಣ ಆಸೆ ಆಗಲೇ ತಲೆಯೆತ್ತಿತ್ತು. ಹಾಳಾದ ಮನಸ್ಸು, ಒಂದು ಹಾರ ತೆಗೆದರೆ ಶಾಲು ಕೇಳುತ್ತದೆ.

ಭಂತೇಜಿ ಕತೆ ಹೇಳಿದರು. ಒಬ್ಬ ಪ್ರಯಾಣಿಕನಿಗೆ ದೊಡ್ಡ ಹೊಳೆ ಅಡ್ಡ ಬಂತಂತೆ. ಅವನು ಕಡ್ಡಿ, ಕೊಂಬೆ, ಹುಲ್ಲು ಸೇರಿಸಿ ಒಂದು ತೆಪ್ಪ ಕಟ್ಟಿಕೊಂಡು ಕಷ್ಟಪಟ್ಟು ಆಚೆ ದಡ ಸೇರಿದನಂತೆ. ಸೇರಿದ ಮೇಲೆ, ಇಷ್ಟು ಉಪಕಾರ ಮಾಡಿದ ತೆಪ್ಪವನ್ನು ಬಿಟ್ಟು ಹೋಗುವುದು ಹೇಗೆ ಎಂದು ಅದನ್ನು ತಲೆಯ ಮೇಲೆ ಹೊತ್ತುಕೊಂಡು ಒಣ ರಸ್ತೆಯಲ್ಲಿ ಹೊರಟನಂತೆ. ಭಂತೇಜಿ ಅಲ್ಲಿ ನಿಲ್ಲಿಸಿ, ಮುಗುಳ್ನಗುತ್ತಾ ಕೇಳಿದರು, ನೀವೇ ಹೇಳಿ, ಅವನು ಜಾಣನೋ ದಡ್ಡನೋ?

ಮುನ್ನೂರು ತಲೆಗಳು ಒಂದೊಂದಾಗಿ ಹೊಂಗೆ ಮರದ ಕಡೆ ತಿರುಗಿದವು. ಅಲ್ಲಿ ನನ್ನ ದೋಣಿ ಬೋರಲಾಗಿ ಮಲಗಿತ್ತು. ಆಮೇಲೆ ಆ ಮುನ್ನೂರು ತಲೆಗಳೂ ನನ್ನ ಕಡೆ ತಿರುಗಿದವು. ಮೊದಲು ತಿರುಗಿದ್ದು ಧರಣಿಯದು. ನಾನು ನನ್ನ ಕಾಲಿನ ಹೆಬ್ಬೆರಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ.

ಮುಂದಿನ ಸಾಲಿನಿಂದ ಸಾಕಮ್ಮನವರ ದನಿ ಕೇಳಿಸಿತು.

"ದಡ್ಡ ಅನ್ಬ್ಯಾಡಿ ಭಂತೇಜಿ. ಅವ್ನಾದ್ರೂ ಹೊಳೆ ದಾಟಿದ್ದ. ನಮ್ ಮಗ ಇನ್ನೂ ನೀರೇ ಕಂಡಿಲ್ಲ."